ಸ್ಟಾಲ್ ಹಾಕಿದ ದುಡ್ಡು ವಾಪಸ್ ಬರುತ್ತಾ? ಟ್ರೇಡ್ ಶೋಗಳ ಗೊಂದಲದ ಲೆಕ್ಕ

2025ರ ನವೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ರಫ್ತು ಉತ್ತೇಜನ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. 2030-31ರವರೆಗೆ 25,060 ಕೋಟಿ ರೂಪಾಯಿಯ ಯೋಜನೆ ಅದು. ಅದರ ಎರಡು ಭಾಗಗಳಲ್ಲಿ ಒಂದರ ಹೆಸರು 'ನಿರ್ಯಾತ್ ದಿಶಾ'. ಹೊರದೇಶದ ವ್ಯಾಪಾರ ಮೇಳಗಳಲ್ಲಿ ಮಳಿಗೆ ಹಾಕಲು ಕಂಪನಿಗಳಿಗೆ ನೆರವು ಕೊಡುವುದೂ ಅದರಲ್ಲಿ ಸೇರಿದೆ. ಅದಕ್ಕೆ ಮೂರು ತಿಂಗಳ ಮುಂಚೆಯಷ್ಟೇ ಅಮೆರಿಕ ನಮ್ಮ ಬಹುಪಾಲು ಸರಕಿನ ಮೇಲಿನ ಸುಂಕವನ್ನು ಶೇ 50ಕ್ಕೆ ಏರಿಸಿತ್ತು. ಒಬ್ಬನೇ ಗಿರಾಕಿಯನ್ನು ನಂಬಿ ಕೂತರೆ ಕಷ್ಟ, ಬೇರೆ ಕಡೆ ಹುಡುಕಿ ಅನ್ನುವ ಮಾತು ಆಗ ಜೋರಾಗಿತ್ತು.

ಇನ್ನೊಂದು ಕಡೆಯಿಂದ ಬರುವ ಸುದ್ದಿ ಇದಕ್ಕೆ ಪೂರ್ತಿ ಉಲ್ಟಾ. ಅಮೆರಿಕದಲ್ಲಿ 1995ರಲ್ಲಿ ಶುರುವಾದ ವಿಡಿಯೋ ಗೇಮ್ ಮೇಳ 'ಇ3', 2023ರ ಡಿಸೆಂಬರ್‌ನಲ್ಲಿ ಶಾಶ್ವತವಾಗಿ ಬಾಗಿಲು ಹಾಕಿತು. 1905ರಲ್ಲಿ ಶುರುವಾದ ಜಿನೀವಾ ಕಾರ್ ಮೇಳವನ್ನು ಇನ್ನು ಅಲ್ಲಿ ನಡೆಸುವುದಿಲ್ಲ ಎಂದು 2024ರ ಮೇ ತಿಂಗಳಲ್ಲಿ ಹೇಳಿಬಿಟ್ಟರು. ಜರ್ಮನಿಯ ಕಂಪ್ಯೂಟರ್ ಮೇಳ 'ಸೆಬಿಟ್' 2018ರಲ್ಲೇ ಮುಗಿದಿತ್ತು.

ದೊಡ್ಡವರು ಬಿಟ್ಟು ಹೋಗುತ್ತಿದ್ದಾರೆ. ಸರ್ಕಾರ ಮಾತ್ರ ಹೋಗಿ, ದುಡ್ಡು ಕೊಡುತ್ತೇವೆ ಅನ್ನುತ್ತಿದೆ. ಪೀಣ್ಯದಲ್ಲೋ ಬೆಳಗಾವಿಯ ಉದ್ಯಮಬಾಗ್‌ನಲ್ಲೋ ಸಣ್ಣ ಕಾರ್ಖಾನೆ ನಡೆಸುವವರ ಮೇಜಿಗೆ ಸ್ಟಾಲ್ ಬುಕಿಂಗ್ ಫಾರ್ಮ್ ಬಂದರೆ ಅವರು ಯಾರ ಮಾತು ಕೇಳಬೇಕು?

ದನದ ಜಾತ್ರೆಯಿಂದ ಶುರು ಮಾಡೋಣ

ದೊಡ್ಡಬಳ್ಳಾಪುರದ ಹತ್ತಿರ ಘಾಟಿ ಸುಬ್ರಹ್ಮಣ್ಯದಲ್ಲಿ ಡಿಸೆಂಬರ್-ಜನವರಿ ಹೊತ್ತಿಗೆ ದನದ ಜಾತ್ರೆ ಸೇರುತ್ತದೆ. ಎತ್ತು ಕೊಳ್ಳಲು ಬಂದವನು ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಆಮೇಲೆ ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಮಾತಾಡುತ್ತಾನೆ. ಇಷ್ಟೇ ಎತ್ತುಗಳನ್ನು ಊರೂರು ತಿರುಗಿ ನೋಡಬೇಕಾದರೆ ತಿಂಗಳು ಹಿಡಿಯುತ್ತದೆ. ಇಲ್ಲಿ ಒಂದು ಬೆಳಗ್ಗೆ ಸಾಕು.

ಈ ಜಾತ್ರೆ ನಡೆಯುವುದಕ್ಕೆ ಮೂರು ಕಾರಣ. ಮಾಲನ್ನು ಕೈಯಿಂದ ಮುಟ್ಟಿ ನೋಡಲೇಬೇಕು. ಹತ್ತಾರು ಜೋಡಿ ಪಕ್ಕಪಕ್ಕ ನಿಂತರೆ ಹೋಲಿಸುವುದು ಸುಲಭ. ಮತ್ತೆ, ಕೊಳ್ಳುವವನಿಗೂ ಮಾರುವವನಿಗೂ ಮುಂಚೆ ಪರಿಚಯ ಇಲ್ಲ. ಈ ಮೂರೂ ಎಲ್ಲಿ ಕೂಡಿಬರುತ್ತವೋ ಅಲ್ಲಿ ಮೇಳಕ್ಕೆ ಬೆಲೆ ಇದೆ. ಒಂದೊಂದು ಕಳಚಿದಂತೆ ಬೆಲೆಯೂ ಇಳಿಯುತ್ತದೆ.

ಮೂರೂ ಕೂಡಿಬಂದ ಮೇಳ ನೋಡಬೇಕಾದರೆ ತುಮಕೂರು ರಸ್ತೆಯ ಮಾದಾವರಕ್ಕೆ ಹೋಗಬೇಕು. 1969ರಿಂದ ನಡೆಯುತ್ತಿರುವ ಯಂತ್ರಗಳ ಮೇಳ 'ಇಮ್‌ಟೆಕ್ಸ್' ಈಗ ಅಲ್ಲಿನ ಬಿಐಇಸಿ ಎಂಬ ವಸ್ತುಪ್ರದರ್ಶನ ಕೇಂದ್ರದಲ್ಲಿ ಜನವರಿಯಲ್ಲಿ ನಡೆಯುತ್ತದೆ. ಒಂದು ವರ್ಷ ಲೋಹ ಕತ್ತರಿಸುವ ಯಂತ್ರಗಳು, ಮರುವರ್ಷ ಲೋಹ ಬಗ್ಗಿಸಿ ಒತ್ತುವ ಯಂತ್ರಗಳು. ನಡೆಸುವುದು ಯಂತ್ರ ತಯಾರಕರದೇ ಸಂಘ. ಸಭಾಂಗಣವೂ ಆ ಸಂಘದ್ದೇ. ಅಲ್ಲಿ ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ಓಡುವ) ಯಂತ್ರಗಳು ಸುಮ್ನೆ ನಿಂತಿರುವುದಿಲ್ಲ, ನಿಜವಾದ ಕಬ್ಬಿಣ ಕತ್ತರಿಸುತ್ತಿರುತ್ತವೆ. ಬಂದವನು ಬ್ಯಾಗಿನಿಂದ ತನ್ನ ಕಾರ್ಖಾನೆಯ ಒಂದು ಪಾರ್ಟ್ ಮತ್ತು ಡ್ರಾಯಿಂಗ್ ತೆಗೆದು ಕೇಳುತ್ತಾನೆ: "ಇದನ್ನ ಎಷ್ಟು ಸೆಕೆಂಡಲ್ಲಿ ಮಾಡ್ತೀರಿ?" ಹತ್ತಾರು ಲಕ್ಷದ ಯಂತ್ರವನ್ನು ಬ್ರೋಷರ್ ನೋಡಿ ಯಾರೂ ಕೊಳ್ಳುವುದಿಲ್ಲ. ಆ ಒಂದು ಪ್ರಶ್ನೆಗೆ ಎಂಟು ಮಳಿಗೆಗಳಲ್ಲಿ ಎಂಟು ಉತ್ತರ ಸಿಕ್ಕರೆ ಅವನ ಅರ್ಧ ಕೆಲಸ ಮುಗಿದಂತೆ. 2024ರ ನವೆಂಬರ್‌ನಿಂದ ಮೆಟ್ರೋ ಕೂಡ ಮಾದಾವರದವರೆಗೆ ಹೋಗುತ್ತದೆ. ಬರುವವನ ಕಷ್ಟ ಇನ್ನಷ್ಟು ಕಡಿಮೆ.

ಇದೇ ಲೆಕ್ಕವನ್ನು ಅಕೌಂಟಿಂಗ್ ಸಾಫ್ಟ್‌ವೇರ್‌ಗೆ ಹಾಕಿ ನೋಡಿ. ಒಂದು ತಿಂಗಳು ಫ್ರೀಯಾಗಿ ಬಳಸಿ ನೋಡುವ ಅವಕಾಶ ಫೋನಿನಲ್ಲೇ ಇದೆ. ಹೋಲಿಸುವುದೂ ಅಲ್ಲೇ ಆಗುತ್ತದೆ. ಅದಕ್ಕೆ ಮಾದಾವರದವರೆಗೆ ಯಾಕೆ ಬರಬೇಕು?

ಬಿಟ್ಟು ಹೋದವರು ಯಾಕೆ ಬಿಟ್ಟರು

ನಿಂಟೆಂಡೊ ಕಂಪನಿ 2011ರಲ್ಲಿ ತನ್ನ ಹೊಸ ಆಟಗಳನ್ನು ತಾನೇ ನೇರವಾಗಿ ಇಂಟರ್ನೆಟ್‌ನಲ್ಲಿ ತೋರಿಸಲು ಶುರು ಮಾಡಿತು. 2013ರ ಹೊತ್ತಿಗೆ ಇ3ಯ ದೊಡ್ಡ ವೇದಿಕೆ ಕಾರ್ಯಕ್ರಮವನ್ನು ಕೈಬಿಟ್ಟಿತು. 2019ರಲ್ಲಿ ಸೋನಿ ಮೇಳಕ್ಕೇ ಬರಲಿಲ್ಲ. ಅವರ ತರ್ಕ ಸರಳ. ನಾವು ಕರೆದರೆ ಜನ ಬರುತ್ತಾರೆ, ಹಾಗಿದ್ದ ಮೇಲೆ ಇನ್ನೊಬ್ಬರ ಚಪ್ಪರದ ಕೆಳಗೆ ಬಾಡಿಗೆ ಕೊಟ್ಟು, ಎದುರಾಳಿಗಳ ಜೊತೆ ಅದೇ ದಿನದ ಸುದ್ದಿ ಯಾಕೆ ಹಂಚಿಕೊಳ್ಳಬೇಕು?

ನಮ್ಮಲ್ಲೂ ಇದೇ ಆಯಿತು. 2023ರ ಜನವರಿಯಲ್ಲಿ ಗ್ರೇಟರ್ ನೋಯ್ಡಾದ ಆಟೋ ಎಕ್ಸ್‌ಪೋಗೆ ಮಹೀಂದ್ರಾ, ಸ್ಕೋಡಾ, ಫೋಕ್ಸ್‌ವ್ಯಾಗನ್, ಮರ್ಸಿಡಿಸ್, ಬಿಎಂಡಬ್ಲ್ಯು ಬರಲಿಲ್ಲ. ಮಹೀಂದ್ರಾ ಅಷ್ಟು ಹೊತ್ತಿಗೆ ಆಗಸ್ಟ್ 15ನ್ನೇ ತನ್ನ ಹಬ್ಬ ಮಾಡಿಕೊಂಡಿತ್ತು. 2020ರಲ್ಲಿ ಥಾರ್ ಅನಾವರಣ ಆದದ್ದು ಅದೇ ದಿನ, 2021ರಲ್ಲಿ ಎಕ್ಸ್‌ಯುವಿ700 ಅದರ ಹಿಂದಿನ ದಿನ. ಆ ದಿನದ ಸುದ್ದಿಯೆಲ್ಲ ಅದರದ್ದೇ.

ಆದರೆ ಎರಡೇ ವರ್ಷದಲ್ಲಿ, 2025ರ ಜನವರಿಯಲ್ಲಿ, ದೆಹಲಿಯ ಭಾರತ್ ಮಂಟಪದಲ್ಲಿ ಭಾರತ್ ಮೊಬಿಲಿಟಿ ಮೇಳ ನಡೆದಾಗ ಮಹೀಂದ್ರಾ, ಮರ್ಸಿಡಿಸ್, ಬಿಎಂಡಬ್ಲ್ಯು ವಾಪಸ್ ಬಂದಿದ್ದವು. ಅದೇ ಮೇಳದಲ್ಲಿ ವಿಯೆಟ್ನಾಂನ ವಿನ್‌ಫಾಸ್ಟ್ ತನ್ನ ಎಲೆಕ್ಟ್ರಿಕ್ ಕಾರುಗಳನ್ನು ತೋರಿಸಿತು. ಆಗ ಇಲ್ಲಿ ಆ ಹೆಸರು ಕೇಳಿದ್ದವರೇ ಕಡಿಮೆ. ಅಂಥ ಕಂಪನಿ ಆಗಸ್ಟ್ 15ಕ್ಕೆ ತಾನೇ ಒಂದು ಕಾರ್ಯಕ್ರಮ ಇಟ್ಟರೆ ಎಷ್ಟು ಜನ ಹೋಗುತ್ತಿದ್ದರು? ಹೊಸಬನಿಗೆ ಬೇಕಾದ್ದು ಬೇರೆಯವರು ಸೇರಿಸಿದ ಜನ.

ವಾಚ್ ಕಂಪನಿಗಳ ಕಥೆ ಇನ್ನೂ ಸ್ವಾರಸ್ಯವಾಗಿದೆ. ಸ್ವಿಟ್ಜರ್ಲೆಂಡ್‌ನ 'ಬಾಸೆಲ್‌ವರ್ಲ್ಡ್' ಮೇಳ ಬಿಡುವುದಾಗಿ ಸ್ವಾಚ್ ಸಮೂಹ 2018ರಲ್ಲಿ ಹೇಳಿತು. 2020ರ ಏಪ್ರಿಲ್‌ನಲ್ಲಿ ರೋಲೆಕ್ಸ್, ಪಟೆಕ್ ಫಿಲಿಪ್ ಸೇರಿ ಐದು ದೊಡ್ಡ ಹೆಸರುಗಳು ಹೊರಟವು. ಹೊರಟು ಮನೆಯಲ್ಲಿ ಕೂರಲಿಲ್ಲ. ಜಿನೀವಾದಲ್ಲಿ ತಮಗೆ ಬೇಕಾದಂಥ ಬೇರೆ ಮೇಳ ಕಟ್ಟಲು ಹೊರಟವು. ಅಂದರೆ ಜಗಳ ಇದ್ದದ್ದು ಮೇಳ ಬೇಕೋ ಬೇಡವೋ ಅಂತಲ್ಲ. ಸೇರುವ ಜನ ನಮ್ಮಿಂದ ಸೇರುತ್ತಿದ್ದಾರೆ, ಬಾಡಿಗೆ ಮಾತ್ರ ನೀವು ಎಣಿಸಿಕೊಳ್ಳುತ್ತಿದ್ದೀರಿ ಅನ್ನುವುದು ಅವರ ತಕರಾರು.

ದೊಡ್ಡವರು ಹೋದ ಮೇಲೆ ಏನಾಗುತ್ತದೆ ಅನ್ನುವುದನ್ನೂ ನೋಡಬೇಕು. ಅವರನ್ನು ನೋಡಲು ಬರುತ್ತಿದ್ದ ಜನ ಕಡಿಮೆಯಾಗುತ್ತಾರೆ. ಹಾಗೆ ಬಂದವರು ಹಿಂದೆ ಹಾದಿಯಲ್ಲಿ ಸಣ್ಣವರ ಮಳಿಗೆಗೂ ತಲೆ ಹಾಕುತ್ತಿದ್ದರು. ಅದೂ ನಿಲ್ಲುತ್ತದೆ. ಸಣ್ಣವರು ಮುಂದಿನ ವರ್ಷ ಬರುವುದಿಲ್ಲ. ಸಂಘಟಕರಿಗೆ ಖರ್ಚು ಅಷ್ಟೇ, ಆದಾಯ ಕಡಿಮೆ. ಒಂದು ಮೇಳ ನಿಧಾನಕ್ಕೆ ಸೊರಗುವುದಿಲ್ಲ. ಎರಡು ಮೂರು ವರ್ಷದಲ್ಲಿ ದಢಕ್ಕನೆ ಬೀಳುತ್ತದೆ. ಹೀಗಾಗಿ ಬುಕಿಂಗ್ ಫಾರ್ಮ್ ಬಂದಾಗ ಮೊದಲು ನೋಡಬೇಕಾದ್ದು ಹೋದ ಸಲದ ದೊಡ್ಡ ಹೆಸರುಗಳಲ್ಲಿ ಈ ಸಲ ಯಾರು ಇಲ್ಲ ಅನ್ನುವುದನ್ನು.

ಒಂಬತ್ತು ಚದರ ಮೀಟರ್

ಸಣ್ಣ ಕಂಪನಿಗೆ ಸಿಗುವುದು ಸಾಮಾನ್ಯವಾಗಿ ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲದ ಜಾಗ. 'ಶೆಲ್ ಸ್ಕೀಮ್' ಅಂದರೆ ಸಂಘಟಕರೇ ಬಿಳಿ ಪ್ಯಾನೆಲ್ ಗೋಡೆ ನಿಲ್ಲಿಸಿ, ನೆಲಕ್ಕೆ ಕಾರ್ಪೆಟ್ ಹಾಸಿ, ಒಂದು ಮೇಜು, ಎರಡು ಕುರ್ಚಿ, ಎರಡು ಮೂರು ಲೈಟು, ಒಂದು ಪ್ಲಗ್ ಪಾಯಿಂಟ್ ಕೊಡುತ್ತಾರೆ. ಮೇಲೆ ಪಟ್ಟಿಯಲ್ಲಿ ಕಂಪನಿ ಹೆಸರು. ಮೂರನೇ ಕುರ್ಚಿ ಬೇಕೆಂದರೆ ಬೇರೆ ಬಾಡಿಗೆ. ಯಂತ್ರ ಓಡಿಸಬೇಕೆಂದರೆ ಕಿಲೋವ್ಯಾಟ್ ಲೆಕ್ಕದಲ್ಲಿ ಕರೆಂಟು, ಅದರ ಮೇಲೆ ಒತ್ತಡದ ಗಾಳಿಯ ಲೈನು. ಲಾರಿಯಿಂದ ಇಳಿಸಲು ನಿಮ್ಮದೇ ಕ್ರೇನ್ ತರುವ ಹಾಗಿಲ್ಲ, ಮೇಳ ಗೊತ್ತು ಮಾಡಿದ ಏಜೆಂಟೇ ಇಳಿಸಬೇಕು, ಅವರ ರೇಟಿಗೆ. ಬೆಲೆಪಟ್ಟಿಯ ಮೊದಲ ಪುಟದಲ್ಲಿ ಇವು ಕಾಣುವುದಿಲ್ಲ.

ಬೇರೆ ರಾಜ್ಯದ ಮೇಳದಲ್ಲಿ ಸ್ಥಳದಲ್ಲೇ ಮಾರುವುದಾದರೆ ಜಿಎಸ್‌ಟಿ ಇನ್ನೊಂದು ತಲೆನೋವು. ಆ ರಾಜ್ಯದಲ್ಲಿ ತಾತ್ಕಾಲಿಕ ವ್ಯಾಪಾರಿ ಅಂತ ನೋಂದಣಿ ಮಾಡಿಸಿ, ಅಂದಾಜು ತೆರಿಗೆಯನ್ನು ಮುಂಗಡ ಕಟ್ಟಬೇಕು. ನೋಂದಣಿ 90 ದಿನದವರೆಗೆ. ಕರಕುಶಲ ವಸ್ತುಗಳವರಿಗೆ ಒಂದಿಷ್ಟು ವಿನಾಯಿತಿ ಇದೆ. ಹೊರದೇಶಕ್ಕೆ ಸ್ಯಾಂಪಲ್ ಒಯ್ದು ವಾಪಸ್ ತರುವುದಾದರೆ 'ಎಟಿಎ ಕಾರ್ನೆಟ್' ಅನ್ನುವ ದಾಖಲೆ ಮಾಡಿಸಿಕೊಂಡರೆ ಅಲ್ಲಿ ಕಸ್ಟಮ್ಸ್ ಸುಂಕ ಕಟ್ಟುವುದು ತಪ್ಪುತ್ತದೆ. ಭಾರತದಲ್ಲಿ ಅದನ್ನು ಕೊಡುವುದು ಉದ್ಯಮಗಳ ಒಕ್ಕೂಟ ಫಿಕ್ಕಿ.

ಎಷ್ಟು ಆರ್ಡರ್ ಬಂದರೆ ಸಮ ಆಗುತ್ತದೆ

ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅಂಕಿಗಳು ನಾವೇ ಊಹಿಸಿಕೊಂಡವು. ಬೆಳಗಾವಿಯ ಒಂದು ಫೌಂಡ್ರಿ, ಅಂದರೆ ಲೋಹದ ಎರಕ ಹೊಯ್ಯುವ ಕಾರ್ಖಾನೆ, ಐದು ದಿನದ ಮೇಳಕ್ಕೆ ಹೋಗುತ್ತದೆ. ಚದರ ಮೀಟರ್‌ಗೆ 12,000 ರೂಪಾಯಿಯಂತೆ ಜಾಗದ ಬಾಡಿಗೆ 1.08 ಲಕ್ಷ. ಶೇ 18 ಜಿಎಸ್‌ಟಿ ಸೇರಿ 1.27 ಲಕ್ಷ. ಪ್ಯಾನೆಲ್ ಪ್ರಿಂಟು, ಸಾಗಣೆ, ಮೂವರ ಲಾಡ್ಜು, ಊಟ, ಓಡಾಟ, ಆ ಐದು ದಿನ ಕಾರ್ಖಾನೆಯಲ್ಲಿ ಅವರು ಮಾಡದೇ ಉಳಿದ ಕೆಲಸ, ಎಲ್ಲ ಸೇರಿ 4 ಲಕ್ಷ. ಇದರಲ್ಲಿ ಜಾಗದ ಬಾಡಿಗೆ ಮೂರನೇ ಒಂದು ಭಾಗ ಮಾತ್ರ. ಎಷ್ಟೋ ಮಂದಿ ಆ ಒಂದು ಭಾಗವನ್ನಷ್ಟೇ ಖರ್ಚು ಅಂದುಕೊಳ್ಳುತ್ತಾರೆ.

ಲಾಭದ ಪ್ರಮಾಣ ಶೇ 15 ಇದ್ದರೆ ಈ 4 ಲಕ್ಷ ವಾಪಸ್ ಬರಲು ಸುಮಾರು 27 ಲಕ್ಷದ ಹೊಸ ಮಾರಾಟ ಆಗಬೇಕು.

ಈಗ ಮೇಜಿನ ಮೇಲಿನ ವಿಸಿಟಿಂಗ್ ಕಾರ್ಡುಗಳನ್ನು ವಿಂಗಡಿಸಿ. 80 ಕಾರ್ಡು ಬಂದಿವೆ ಅನ್ನಿ. ಕೆಲವು ಎಂಜಿನಿಯರಿಂಗ್ ವಿದ್ಯಾರ್ಥಿಗಳದು. ಕೆಲವು ಎದುರಾಳಿಗಳದು. ಒಂದು ದೊಡ್ಡ ಕಟ್ಟು ನಿಮಗೇ ಮಾರಲು ಬಂದವರದು: ಪ್ಯಾಕಿಂಗ್ ಬಾಕ್ಸ್‌ನವರು, ಇನ್ಶೂರೆನ್ಸ್‌ನವರು, ಮುಂದಿನ ತಿಂಗಳ ಇನ್ನೊಂದು ಮೇಳದ ಏಜೆಂಟರು. ಸೋಸಿದರೆ ನಿಜವಾಗಿ ಕೊಳ್ಳಬಲ್ಲವರು 15. ಒಂದೊಂದು ಭೇಟಿಗೆ ಸುಮಾರು 26,700 ರೂಪಾಯಿ ಬಿತ್ತು.

ತುಟ್ಟಿ ಅಲ್ವಾ? ತಿಂಗಳಿಗೆ 45,000 ಖರ್ಚಿನಲ್ಲಿ ಒಬ್ಬ ಸೇಲ್ಸ್‌ನವನು ಆರು ಹೊಸ ಗಿರಾಕಿಗಳನ್ನು ಭೇಟಿ ಮಾಡಿದರೆ ತಲೆಗೆ 7,500 ಮಾತ್ರ. ಆದರೆ ಅವನು ಭೇಟಿ ಮಾಡುವುದು ಯಾರನ್ನು? ದೊಡ್ಡ ಕಾರ್ಖಾನೆಯ ಗೇಟಿನಲ್ಲಿ ಸೆಕ್ಯುರಿಟಿಯವರು ರಿಜಿಸ್ಟರ್ ಮುಂದಿಟ್ಟು "ಅಪಾಯಿಂಟ್‌ಮೆಂಟ್ ಇದ್ಯಾ?" ಅಂತ ಕೇಳುತ್ತಾರೆ. ಇಲ್ಲ ಅಂದರೆ ಬ್ರೋಷರ್ ಅಲ್ಲೇ ಬಿಟ್ಟು ಬರಬೇಕು. ಅದೇ ಕಾರ್ಖಾನೆಯ ಪರ್ಚೇಸ್ ಮುಖ್ಯಸ್ಥರು ಮೇಳದಲ್ಲಿ ತಾವಾಗಿ ನಡೆದು ಬಂದು ಕಾಸ್ಟಿಂಗ್ (ಎರಕದ ಭಾಗ) ಕೈಗೆತ್ತಿಕೊಂಡು ತಿರುಗಿಸಿ ನೋಡುತ್ತಾರೆ. 26,700 ರೂಪಾಯಿ ಆ ಗೇಟು ದಾಟುವ ಖರ್ಚು. ಗೇಟು ನಿಮಗೆ ಆಗಲೇ ತೆರೆದಿದ್ದರೆ ಆ ಖರ್ಚು ದಂಡ.

ಇನ್ನೊಂದು ಮುಖ್ಯವಾದ ಸಂಗತಿ ಮರು ಆರ್ಡರ್. ಫೌಂಡ್ರಿಗೆ ಸಿಕ್ಕ ಒಬ್ಬ ಗಿರಾಕಿ ವರ್ಷಕ್ಕೆ 8 ಲಕ್ಷದ ಕೆಲಸ ಕೊಟ್ಟರೆ ಲಾಭ 1.2 ಲಕ್ಷ. ಮೊದಲ ವರ್ಷ ನೋಡಿದರೆ ಮೇಳ ನಷ್ಟ. ಅವನು ನಾಲ್ಕನೇ ವರ್ಷಕ್ಕೂ ಉಳಿದರೆ ಲಾಭ. ಕಾಸ್ಟಿಂಗ್, ಬೋಲ್ಟು, ಪ್ಯಾಕಿಂಗ್, ಔಷಧಿಯ ಕಚ್ಚಾವಸ್ತು ತಿಂಗಳು ತಿಂಗಳು ಬೇಕಾಗುವ ಮಾಲು. ಅಲ್ಲಿ ಈ ಲೆಕ್ಕ ಕೂಡಿಬರುತ್ತದೆ. ಕಲ್ಯಾಣ ಮಂಟಪಕ್ಕೆ ಕುರ್ಚಿ ಮಾರುವವರಿಗೆ ಆ ಅನುಕೂಲ ಇಲ್ಲ. ಒಂದು ಸಲ ಕೊಂಡವನು ಹತ್ತು ವರ್ಷ ಕಾಣುವುದಿಲ್ಲ.

ಮೇಳ ಇರದಿದ್ದರೂ ಬರುತ್ತಿದ್ದನೇ?

ಮೇಳದಲ್ಲಿ ಸಿಕ್ಕ ಆರ್ಡರ್ ಅಷ್ಟೂ ಮೇಳದಿಂದ ಬಂದದ್ದು ಅಂತ ಬರೆದುಕೊಳ್ಳುವುದು ಸುಲಭ. ಹಳೇ ಗಿರಾಕಿ ಸಹಿ ಹಾಕಲು ಮೇಳದ ದಿನವನ್ನೇ ಆರಿಸಿಕೊಂಡಿರಬಹುದು. ಅವನು ಹೇಗೂ ಕೊಳ್ಳುತ್ತಿದ್ದ.

ಈ ಗಂಟು ಬಿಡಿಸಲು ಮಾಡಿದ ಒಂದು ಒಳ್ಳೆಯ ಅಧ್ಯಯನ 1995ರಲ್ಲಿ ಅಮೆರಿಕದ ಮಾರ್ಕೆಟಿಂಗ್ ಪತ್ರಿಕೆಯೊಂದರಲ್ಲಿ ಬಂತು. ಶ್ರೀನಾಥ್ ಗೋಪಾಲಕೃಷ್ಣ, ಗ್ಯಾರಿ ಲಿಲಿಯನ್ ಮತ್ತು ಇನ್ನಿಬ್ಬರು ಮಾಡಿದ್ದು. ಒಂದು ಹೊಸ ಉತ್ಪನ್ನವನ್ನು ಮೇಳದಲ್ಲಿ ನೋಡಿದ ಗಿರಾಕಿಗಳು ಒಂದು ಗುಂಪು, ಮೇಳಕ್ಕೆ ಬಾರದವರು ಇನ್ನೊಂದು ಗುಂಪು. ಎರಡೂ ಕಡೆಯ ಕೊಳ್ಳುವಿಕೆಯನ್ನು ಹೋಲಿಸಿದರು. ಮೇಳ ಖರ್ಚಿಗಿಂತ ಹೆಚ್ಚು ತಂದುಕೊಡಬಲ್ಲದು ಅಂತ ತೋರಿಬಂತು. ಫಲಿತಾಂಶಕ್ಕಿಂತ ಆ ವಿಧಾನ ನಮಗೆ ಜಾಸ್ತಿ ಉಪಯೋಗ. ಅಲ್ಲಿ ಅಳೆದದ್ದು ಹೊಸ ಉತ್ಪನ್ನ. ಹಳೇ ಮಾಲಿಗೂ ಅದೇ ಫಲ ಸಿಗುತ್ತದೆ ಅಂತ ಅದರಿಂದ ಹೇಳಲಾಗದು.

ಸಂಘಟಕರು ಕೊಡುವ ಅಂಕಿ ಬೇರೆ ಥರ. ಎಷ್ಟು ಸಾವಿರ ಜನ ಬಂದರು ಅನ್ನುವುದು ಅವರ ಎಣಿಕೆ. ಗೇಟಿನಲ್ಲಿ ಒಳಗೆ ಬಂದ ತಲೆಗೂ ನಿಮ್ಮ ಮೇಜಿಗೆ ಬಂದ ಗಿರಾಕಿಗೂ ಸಂಬಂಧ ಇರಲೇಬೇಕು ಅಂತಿಲ್ಲ. ಸರ್ಕಾರಗಳ ಹೂಡಿಕೆದಾರರ ಸಮಾವೇಶಗಳದ್ದೂ ಇದೇ ಜಾತಿ. 2025ರ ಫೆಬ್ರವರಿಯಲ್ಲಿ ಅರಮನೆ ಮೈದಾನದಲ್ಲಿ ನಡೆದ ಇನ್ವೆಸ್ಟ್ ಕರ್ನಾಟಕದಲ್ಲಿ 10.27 ಲಕ್ಷ ಕೋಟಿ ರೂಪಾಯಿ ಅಂತ ಘೋಷಣೆಯಾಯಿತು. ಅದು ಹೂಡುತ್ತೇವೆ ಅನ್ನುವ ಮಾತಿನ ಮೊತ್ತ. ಬ್ಯಾಂಕಿಗೆ ಬಿದ್ದ ದುಡ್ಡು ಅದಲ್ಲ.

ಸ್ಪಾನ್ಸರ್ ಆಗುವುದು ಬೇರೆಯೇ ವ್ಯವಹಾರ

ಮಳಿಗೆ ಹಾಕಿದವರು ಗಿರಾಕಿ ಜೊತೆ ಮಾತಾಡುತ್ತಾರೆ. ಸ್ಪಾನ್ಸರ್ ಆದವರು ಹೆಸರು ನೇತುಹಾಕುತ್ತಾರೆ. ಎರಡನ್ನೂ ಒಂದೇ ಖಾತೆಗೆ ಬರೆಯುವುದರಿಂದಲೇ ಗೊಂದಲ ಜಾಸ್ತಿ.

ಯಾವುದೇ ಸಮ್ಮೇಳನದ ವೇದಿಕೆಯ ಹಿಂದಿನ ಪರದೆ ನೋಡಿ. ಮೇಲೆ ಟೈಟಲ್ ಸ್ಪಾನ್ಸರ್‌ನ ದೊಡ್ಡ ಲೋಗೊ. ಕೆಳಗೆ ಗೋಲ್ಡ್, ಸಿಲ್ವರ್. ಅದರ ಕೆಳಗೆ ನಾಲೆಡ್ಜ್ ಪಾರ್ಟ್‌ನರ್, ಮೀಡಿಯಾ ಪಾರ್ಟ್‌ನರ್, ಹೈಡ್ರೇಷನ್ ಪಾರ್ಟ್‌ನರ್. ಕೊನೆಯವರು ನೀರಿನ ಬಾಟಲಿ ಕೊಟ್ಟವರು! ಆ ಸಾಲಿನ ಇಪ್ಪತ್ಮೂರನೇ ಲೋಗೊ ಯಾರ ನೆನಪಲ್ಲೂ ಉಳಿಯುವುದಿಲ್ಲ. ಜೊತೆಗೆ ಸಿಗುವ 'ಮಾತಾಡುವ ಅವಕಾಶ' ಎಷ್ಟೋ ಸಲ ಊಟದ ಮೇಲಿನ ಹೊತ್ತು. ಕೇಳುಗರಲ್ಲಿ ಅರ್ಧ ಜನ ತೂಕಡಿಸುತ್ತಿರುತ್ತಾರೆ, ಉಳಿದರ್ಧ ಫೋನಿನಲ್ಲಿ.

ಹಾಗಂತ ಎಲ್ಲಾ ಕಡೆ ವ್ಯರ್ಥ ಅಲ್ಲ. 400 ಹಲ್ಲಿನ ಡಾಕ್ಟರುಗಳು ಸೇರುವ ಸಮ್ಮೇಳನಕ್ಕೆ ಹಲ್ಲಿನ ಕುರ್ಚಿ ತಯಾರಿಸುವ ಕಂಪನಿ ಒಬ್ಬನೇ ಮುಖ್ಯ ಸ್ಪಾನ್ಸರ್ ಆದರೆ, ಕೊಳ್ಳುವವರೆಲ್ಲ ಅದೇ ಹಾಲಿನಲ್ಲಿದ್ದಾರೆ. ಸೇರುವ ಜನ ಕಡಿಮೆ, ಅವರ ಕೆಲಸ ಒಂದೇ ಥರ, ಲೋಗೊ ಒಂದೇ ಇದ್ದರೆ ಹೆಸರು ಉಳಿಯುತ್ತದೆ. ಇನ್ನೊಂದು ಸಂದರ್ಭ, ಮಾರುಕಟ್ಟೆಯಲ್ಲಿ ನಿಮ್ಮ ಬಗ್ಗೆ ಅನುಮಾನ ಇರುವಾಗ. ದುಡ್ಡು ಖರ್ಚು ಮಾಡಿ ನಿಂತಿದ್ದೇವೆ, ಓಡಿಹೋಗುವವರಲ್ಲ ಅನ್ನುವುದನ್ನು ಸ್ಪಾನ್ಸರ್‌ಶಿಪ್ ಹೇಳುತ್ತದೆ. ಭಾರತ 2015ರಲ್ಲಿ ಜರ್ಮನಿಯ ಹ್ಯಾನೋವರ್ ಮೇಳದ ಪಾಲುದಾರ ದೇಶ ಆಗಿ 'ಮೇಕ್ ಇನ್ ಇಂಡಿಯಾ' ಸಿಂಹವನ್ನು ನಿಲ್ಲಿಸಿದ್ದು ಇಂಥದ್ದೇ ಕೆಲಸ. ಅಂಥ ಖರ್ಚಿಗೆ ಆರ್ಡರ್ ಲೆಕ್ಕ ಕೇಳಿದರೆ ಉತ್ತರ ಸಿಗುವುದಿಲ್ಲ. ದೇಶಕ್ಕೆ ಅದು ನಡೆಯುತ್ತದೆ. ತಿಂಗಳ ಕೊನೆಗೆ ಸಂಬಳ ಕೊಡಬೇಕಾದ ಕಾರ್ಖಾನೆಗೆ ಕಷ್ಟ.

ಸರ್ಕಾರದ ನೆರವು ಲೆಕ್ಕವನ್ನು ಎಷ್ಟು ಬದಲಿಸುತ್ತದೆ

ದೇಶದೊಳಗಿನ ಮೇಳಗಳಿಗೆ ಸಣ್ಣ, ಮಧ್ಯಮ ಉದ್ಯಮಗಳ (ಎಂಎಸ್‌ಎಂಇ) ಸಚಿವಾಲಯದ ಒಂದು ಮಾರುಕಟ್ಟೆ ನೆರವು ಯೋಜನೆ ಇದೆ. ಸರ್ಕಾರದ 'ಉದ್ಯಮ್' ನೋಂದಣಿ ಇರುವ ಅತಿ ಸಣ್ಣ ಮತ್ತು ಸಣ್ಣ ಘಟಕಗಳಿಗೆ, ಒಂದು ಮಿತಿಯೊಳಗೆ, ಜಾಗದ ಬಾಡಿಗೆಯ ಶೇ 80 ವಾಪಸ್ ಬರುತ್ತದೆ. ಮಹಿಳೆಯರ ಮತ್ತು ಪರಿಶಿಷ್ಟ ಜಾತಿ, ಪಂಗಡದವರ ಘಟಕಗಳಿಗೆ ಶೇ 100. 'ವಾಪಸ್' ಅನ್ನುವ ಪದ ಗಮನಿಸಿ. ಮೊದಲು ನೀವೇ ಕಟ್ಟಬೇಕು, ಆಮೇಲೆ ಬಿಲ್ಲು ಹಾಕಬೇಕು.

ನಮ್ಮ ಫೌಂಡ್ರಿಗೆ ಇದನ್ನು ಹಚ್ಚಿ ನೋಡೋಣ. 1.08 ಲಕ್ಷದಲ್ಲಿ ಶೇ 80 ಅಂದರೆ ಸುಮಾರು 86,000. ಖರ್ಚು 4 ಲಕ್ಷದಿಂದ 3.14 ಲಕ್ಷಕ್ಕೆ ಇಳಿಯಿತು. ಸಮ ಆಗಲು 27 ಲಕ್ಷದ ಬದಲು 21 ಲಕ್ಷದ ಮಾರಾಟ ಸಾಕು. ಉಪಕಾರವೇ. ಆದರೆ 21 ಲಕ್ಷವನ್ನೂ ತರಲಾಗದ ಕಂಪನಿಯನ್ನು ಈ ಸಬ್ಸಿಡಿ ಉಳಿಸುವುದಿಲ್ಲ.

ನೆರವಿನ ಪರವಾಗಿ ಒಂದು ಗಟ್ಟಿಯಾದ ವಾದ ಇದೆ. ಹೊರದೇಶದ ಗಿರಾಕಿ ಮೊದಲ ವರ್ಷ ನಿಮ್ಮನ್ನು ನೋಡಿಕೊಂಡು ಹೋಗುತ್ತಾನೆ, ಎರಡನೇ ವರ್ಷವೂ ಅದೇ ಜಾಗದಲ್ಲಿ ಕಂಡರೆ ಮಾತಿಗೆ ಕೂರುತ್ತಾನೆ ಅನ್ನುವುದು ರಫ್ತುದಾರರ ನಡುವೆ ಸಾಮಾನ್ಯವಾಗಿ ಕೇಳುವ ಮಾತು. ಅಷ್ಟು ಕಾಯುವ ತಾಕತ್ತು ಸಣ್ಣವರಿಗೆ ಇರುವುದಿಲ್ಲ, ಆದ್ದರಿಂದ ಸರ್ಕಾರ ಕೈ ಹಿಡಿಯಬೇಕು. ವಿರೋಧದ ವಾದವೂ ಸುಳ್ಳಲ್ಲ. ಬಾಡಿಗೆ ಬೇರೆಯವರು ಕೊಟ್ಟರೆ ತಯಾರಿ ಸಡಿಲ ಆಗುತ್ತದೆ. ಮೂರನೇ ದಿನ ಮಧ್ಯಾಹ್ನ ಮಳಿಗೆಯಲ್ಲಿ ಬ್ರೋಷರ್ ಕಟ್ಟು ಮಾತ್ರ ಇರುತ್ತದೆ, ಮಾಲೀಕರು ಊರು ನೋಡಲು ಹೋಗಿರುತ್ತಾರೆ. ಎರಡೂ ವಾದ ಒಪ್ಪಿದರೆ ದಾರಿ ಒಂದೇ. ಸಾವಿರ ಕಂಪನಿಗಳನ್ನು ಒಂದೊಂದು ಸಲ ಕಳಿಸುವ ಬದಲು ಕಡಿಮೆ ಕಂಪನಿಗಳನ್ನು ಆರಿಸಿ, ಒಂದೇ ಮೇಳಕ್ಕೆ ಮೂರು ವರ್ಷ ಕಳಿಸುವುದು ವಾಸಿ. ಫೋಟೋದಲ್ಲಿ ಜನ ಕಡಿಮೆ ಕಾಣುತ್ತಾರೆ ನಿಜ.

ಮುಂದೇನು

ದೆಹಲಿಯಲ್ಲಿ 2023ರ ಜುಲೈನಲ್ಲಿ ಭಾರತ್ ಮಂಟಪ, ಸೆಪ್ಟೆಂಬರ್‌ನಲ್ಲಿ ಯಶೋಭೂಮಿ ತೆರೆದವು. ಇಷ್ಟು ದೊಡ್ಡ ಹಾಲುಗಳನ್ನು ವರ್ಷವಿಡೀ ತುಂಬಬೇಕು. ತುಂಬಲು ಹೊಸ ಹೊಸ ಮೇಳ ಹುಟ್ಟುತ್ತವೆ. ಕೊಳ್ಳುವವರ ಸಂಖ್ಯೆ ಅಷ್ಟೇ ವೇಗದಲ್ಲಿ ಬೆಳೆಯುವುದಿಲ್ಲ. ಅದೇ ಪರ್ಚೇಸ್ ಮುಖ್ಯಸ್ಥರು ಮೂರು ಮೇಳಗಳಿಗೆ ಹಂಚಿಹೋಗುತ್ತಾರೆ. ಎಲ್ಲಾ ಥರದವರೂ ಬರುವ ಮಧ್ಯಮ ಗಾತ್ರದ ಮೇಳಗಳಿಗೆ ಮೊದಲು ಏಟು ಬೀಳುತ್ತದೆ. ಒಂದೇ ಕಸುಬಿನ ಮೇಳಗಳು ಉಳಿದುಕೊಳ್ಳುವ ಸಾಧ್ಯತೆ ಜಾಸ್ತಿ.

ಈ ವಾತಾವರಣದಲ್ಲಿ ಸ್ಟಾಲ್ ಹಾಕುವವರ ಲಾಭ-ನಷ್ಟ ತೀರ್ಮಾನ ಆಗುವುದು ಮೇಳದ ಐದು ದಿನಗಳಲ್ಲಿ ಅಲ್ಲ. ಹಿಂದಿನ ತಿಂಗಳು ಬೇಕಾದ 20 ಜನಕ್ಕೆ ಫೋನ್ ಮಾಡಿ, ಬನ್ನಿ, ಇಂಥ ಹಾಲು, ಇಂಥ ನಂಬರು ಅಂತ ಹೇಳಿದ್ದರಾ? ಮುಗಿದ ಮೊದಲ ವಾರದಲ್ಲಿ ಆ 15 ಕಾರ್ಡಿಗೆ ಕೊಟೇಶನ್ ಹೋಯಿತಾ? ಊರಿಗೆ ವಾಪಸಾದ ಕೂಡಲೇ ಬಾಕಿ ಬಿದ್ದ ಡೆಲಿವರಿಗಳು ಕುತ್ತಿಗೆಗೆ ಬರುತ್ತವೆ. ಕಾರ್ಡುಗಳು ರಬ್ಬರ್ ಬ್ಯಾಂಡ್ ಸುತ್ತಿಕೊಂಡು ಡ್ರಾಯರ್ ಸೇರುತ್ತವೆ. ಹಾಗೆ ಸೇರಿದ ಒಂದೊಂದು ಕಾರ್ಡಿನ ಬೆಲೆ ಆಗಲೇ ಹೇಳಿದ 26,700.

ಕೊಟೇಶನ್ ಹೋಗಿ, ಸ್ಯಾಂಪಲ್ ಹೋಗಿ, ಅವರ ಕ್ವಾಲಿಟಿ ವಿಭಾಗ ಒಪ್ಪಿ ಮೊದಲ ಆರ್ಡರ್ ಬರಲು ಆರೇಳು ತಿಂಗಳಾದರೂ ಬೇಕು. ಆದರೆ ಕೊನೇ ದಿನ ಮಧ್ಯಾಹ್ನ, ಪ್ಯಾನೆಲ್ ಬಿಚ್ಚುವ ಮುಂಚೆಯೇ, ಸಂಘಟಕರ ಕಡೆಯ ಹುಡುಗ ಪ್ಯಾಡ್ ಹಿಡಿದು ಮಳಿಗೆ ಮಳಿಗೆಗೆ ಬರುತ್ತಾನೆ. "ಸರ್, ಮುಂದಿನ ಸಲದ ಜಾಗ ಇವತ್ತೇ ಬುಕ್ ಮಾಡಿದ್ರೆ ಡಿಸ್ಕೌಂಟ್ ಇದೆ."